ದೊಡ್ಡಪ್ಪನ ಪ್ರಶ್ನೆ

ಬೆಳಿಗ್ಗೆ ಕಾಫಿ ಕುಡಿಯುತ್ತಾ ದೊಡ್ಡಪ್ಪ ಮತ್ತೆ ಅದೇ ಮಾತು ತೆಗೆದರು. "ಹವಾಮಾನ ಯಾವಾಗ್ಲೂ ಬದಲಾಗ್ತಾನೇ ಇರುತ್ತೆ ಕಣೋ. 1924ರಲ್ಲಿ ಕಾವೇರಿ ಉಕ್ಕಿದಾಗ ಎಷ್ಟು ಕಾರಿದ್ವು?"

ಒಳ್ಳೇ ಪ್ರಶ್ನೆಯೇ. ಒಂದು ಪ್ರವಾಹದಿಂದ ಏನೂ ಸಾಬೀತಾಗುವುದಿಲ್ಲ. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರಿಂದಲೇ ಅಂತ ನಾನು ನಂಬಿದ್ದು ಗಾಳಿಯ ಲೆಕ್ಕ ನೋಡಿ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ, ಶಾಖ ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲ್ ತುಂಬಾ ಹಳೆಯವು ಅಲ್ವಾ, ಅವುಗಳಲ್ಲಿ ಕಾರ್ಬನ್-14, ಅಂದರೆ ಕಾಲ ಕಳೆದಂತೆ ತಾನಾಗೇ ಕಡಿಮೆಯಾಗುವ ಒಂದು ಬಗೆಯ ಕಾರ್ಬನ್, ಉಳಿದಿರುವುದಿಲ್ಲ. ಅವುಗಳನ್ನು ಸುಟ್ಟಾಗ ಗಾಳಿಯ ಕಾರ್ಬನ್‌ನಲ್ಲಿ ಕಾರ್ಬನ್-14ರ ಪಾಲು ಇಳಿಯಬೇಕು; ಗಾಳಿಯಲ್ಲಿ ಆ ಗುರುತು ಸಿಕ್ಕಿದೆ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ.

ಎಲ್ಲಾ ಹೇಳಿದೆ. ದೊಡ್ಡಪ್ಪ ಲೋಟ ಕೆಳಗಿಟ್ಟು, "ಆ ಹದಿನಾಲ್ಕರ ವಿಷಯ ಇನ್ನೊಂದ್ಸಲ ಹೇಳು" ಅಂದರು.