ಡ್ರೈ ವೈಟ್ ಪೋರ್ಟ್‌ನ ಹದ: ಎರಡನೆಯ ಸುಗ್ಗಿಯ ವರದಿ

2024ರ ಸೆಪ್ಟೆಂಬರ್‌ನಲ್ಲಿ ಹಿಂಡಿದ ರಸವು ಹದಿನೈದು ತಿಂಗಳ ನಂತರ ಈ ವಾರ ಸೀಸೆಗಳನ್ನು ಸೇರಿದೆ. ಇದನ್ನು ಪೋರ್ಟ್ (ಮದ್ಯಸಾರ ಬೆರೆಸಿ ಮಾಡುವ ಪೋರ್ಚುಗಲ್‌ನ ವೈನ್) ಎಂದು ಕರೆಯುವ ಹಕ್ಕು ನನಗಿಲ್ಲ. 1756ರಲ್ಲಿ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್‌ನ ಆಡಳಿತವು ಗಡಿ ಹಾಕಿದ ದೋರೊ ನದಿಯ ಕಣಿವೆಯಲ್ಲಿ ನಿಯಮದಂತೆ ತಯಾರಾಗಿ, ಪರೀಕ್ಷೆಯಲ್ಲಿ ಒಪ್ಪಿಗೆ ಪಡೆದ ಮದ್ಯಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ನಾನು ಮಾಡಿದ್ದು ಅದೇ ಕಣಿವೆಯ ದ್ರಾಕ್ಷಿಯನ್ನು ಪೋರ್ತೊ ನಗರದ ನಮ್ಮ ಮನೆಯ ನೆಲಮಾಳಿಗೆಗೆ ತಂದು, ಅದೇ ಕ್ರಮದಲ್ಲಿ ಮನೆಮಟ್ಟಿಗೆ ಮಾಡಿದ ಪ್ರಯೋಗ.

ಊರಿನಲ್ಲಿ ಪೋರ್ಟ್ ಎಂದರೆ ಗೋವಾದಿಂದ ಬರುವ ಕೆಂಪು ಬಣ್ಣದ, ಗಂಟಲಿಗೆ ಅಂಟುವಷ್ಟು ಸಿಹಿಯಾದ ವೈನ್ ಎಂದೇ ನಾವು ತಿಳಿದಿದ್ದೆವು. ಬಿಳಿ ದ್ರಾಕ್ಷಿಯಿಂದಲೂ ಪೋರ್ಟ್ ಆಗುತ್ತದೆ, ಅದರಲ್ಲಿ ‘ಸೆಕೊ’ ಎಂಬ ಸಿಹಿ ಕಡಿಮೆಯ ಬಗೆಯೊಂದಿದೆ ಎಂಬುದು ಇಲ್ಲಿಗೆ ಬಂದ ಮೇಲೆಯೇ ನನಗೆ ಗೊತ್ತಾಯಿತು. ಪೋರ್ಟ್ ತಯಾರಿಸುವ ಟೇಲರ್ಸ್ ಸಂಸ್ಥೆಯು 1934ರಲ್ಲಿ ‘ಚಿಪ್ ಡ್ರೈ’ ಎಂಬ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ನನ್ನ ಮೊದಲ ಗುಟುಕೂ ಅದರದ್ದೇ.

ಪೋರ್ಟ್‌ನ ಗುಟ್ಟೆಲ್ಲ ಹುದುಗುತ್ತಿರುವ ರಸಕ್ಕೆ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಮದ್ಯಸಾರವನ್ನು ಯಾವ ಗಳಿಗೆಯಲ್ಲಿ ಬೆರೆಸುತ್ತೇವೆ ಎಂಬುದರಲ್ಲಿದೆ. ಮದ್ಯಸಾರ ಬೆರೆತೊಡನೆ ಯೀಸ್ಟ್ ಸಾಯುತ್ತದೆ, ಆ ಹೊತ್ತಿನಲ್ಲಿ ರಸದಲ್ಲಿ ಉಳಿದ ಸಕ್ಕರೆ ಹಾಗೆಯೇ ನಿಲ್ಲುತ್ತದೆ. ಸಿಹಿ ಪೋರ್ಟ್‌ಗೆ ಬೇಗ ಬೆರೆಸುತ್ತಾರೆ. ವಾಡಿಕೆಯ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಮದ್ಯಸಾರ ಸೇರಿ 550 ಲೀಟರ್‌ನ ಒಂದು ಪೀಪಾಯಿ ತುಂಬುತ್ತದೆ. ಸೆಕೊಗೆ ಕಾಯಬೇಕು. ಕಾದಷ್ಟೂ ರಸವೇ ತನ್ನ ಆಲ್ಕೋಹಾಲನ್ನು ಮಾಡಿಕೊಳ್ಳುವುದರಿಂದ ಹೊರಗಿನಿಂದ ಹಾಕುವ ಮದ್ಯಸಾರವೂ ಕಡಿಮೆ ಸಾಕು.

2023ರಲ್ಲಿ ನಾನು ಸೋತದ್ದು ಇಲ್ಲಿಯೇ. ಎರಡು ದಿನ ಸೆಕೆ ಏರಿದಾಗ ಹುದುಗುವಿಕೆ ವೇಗ ಪಡೆದುದನ್ನು ನಾನು ಗಮನಿಸಲಿಲ್ಲ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದಾಗ ಅದು 1.002ಕ್ಕೆ ಬಂದಿತ್ತು, ಅಂದರೆ ಸಕ್ಕರೆಯ ಬಹುಪಾಲು ಆಲ್ಕೋಹಾಲ್ ಆಗಿಬಿಟ್ಟಿತ್ತು. ಸಿಹಿ ಕಡಿಮೆಯಾದಷ್ಟೂ ಒಳ್ಳೆಯದೆಂದು ಸಮಾಧಾನಪಟ್ಟು, ಮೊದಲು ಅಂದುಕೊಂಡಿದ್ದ ಮೂರು ಲೀಟರ್ ಮದ್ಯಸಾರವನ್ನೇ ಸುರಿದೆ. ವರ್ಷ ಕಳೆದರೂ ಅದು ಪಳಗಲಿಲ್ಲ: ವೈನ್ ಒಂದು ಕಡೆ, ಮದ್ಯಸಾರದ ಉರಿ ಇನ್ನೊಂದು ಕಡೆ. ಸೆಕೊ ಎಂಬ ಹೆಸರಿದ್ದರೂ ಅದರಲ್ಲಿ ಸಾಮಾನ್ಯವಾಗಿ ಲೀಟರಿಗೆ 40ರಿಂದ 65 ಗ್ರಾಂ ಸಕ್ಕರೆ ಇರುತ್ತದೆ, ಆ ಸಕ್ಕರೆಯೇ ಉರಿಯನ್ನು ಹಿಡಿದಿಡುತ್ತದೆ ಎಂಬುದು ನನಗೆ ನಾಲಿಗೆಯ ಮೂಲಕವೇ ಅರ್ಥವಾಯಿತು.

ಎರಡನೆಯ ಬಾರಿ 32 ಕಿಲೋ ದ್ರಾಕ್ಷಿ ತಂದೆ. ಹೆಚ್ಚಿನದು ವಿಯೊಜಿನ್ಯೊ ಮತ್ತು ರಬಿಗಾತೊ, ಸ್ವಲ್ಪ ಮಾಲ್ವಜಿಯಾ ಫಿನಾ. ಸಿಪ್ಪೆಯೊಡನೆ ಆರು ಗಂಟೆ ಬಿಟ್ಟು ಹಿಂಡಿದಾಗ ಸಿಕ್ಕಿದ್ದು 20 ಲೀಟರ್ ರಸ, ಸಾಂದ್ರತೆ 1.100. ತಣ್ಣೀರಿನ ತೊಟ್ಟಿಯಲ್ಲಿ ಪಾತ್ರೆಯನ್ನಿಟ್ಟು ಉಷ್ಣತೆಯನ್ನು 17 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಂಡೆ. ಮೊದಲ ಐದು ದಿನ ದಿನಕ್ಕೆರಡು ಬಾರಿ, ಆಮೇಲೆ ಮೂರು ಗಂಟೆಗೊಮ್ಮೆ ಅಳೆಯುತ್ತಿದ್ದೆ. ಮೈಸೂರು ಪಾಕಿಗೆ ಎಳೆಪಾಕ ನೋಡುವಾಗ ಅಮ್ಮ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ಏಳನೆಯ ದಿನ ರಾತ್ರಿ ನಾನೂ ಹಾಗೆಯೇ ಕುಳಿತಿದ್ದೆ. ಒಂದೂವರೆ ಗಂಟೆಗೆ ಸಾಂದ್ರತೆ 1.017 ತೋರಿಸಿತು. ಅಂದರೆ ರಸದಲ್ಲಿ ಲೀಟರಿಗೆ ಸುಮಾರು 55 ಗ್ರಾಂ ಸಕ್ಕರೆ ಉಳಿದಿತ್ತು, ಆಲ್ಕೋಹಾಲ್ ಶೇ. 10ನ್ನು ತುಸು ದಾಟಿತ್ತು. ಮೂರು ಲೀಟರ್ ಮದ್ಯಸಾರವನ್ನು ನಿಧಾನವಾಗಿ, ಕಲಕುತ್ತ ಕಲಕುತ್ತ ಸೇರಿಸಿದೆ. ಲೆಕ್ಕದಂತೆ ಆಲ್ಕೋಹಾಲ್ ಶೇ. 19ಕ್ಕೆ ಏರಿ, ಸಕ್ಕರೆ 48 ಗ್ರಾಂಗೆ ನಿಂತಿತು.

ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಬಸಿದು, 16 ಲೀಟರನ್ನು ಹಳೆಯ ಓಕ್ ಪೀಪಾಯಿಗೂ ಉಳಿದ ಐದು ಲೀಟರನ್ನು ಗಾಜಿನ ಬುದ್ದಲಿಗೂ ತುಂಬಿದೆ. ಇಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ರುಚಿ ನೋಡಿದೆ. ಗಾಜಿನದು ಎಳೆಹುಲ್ಲಿನ ಬಣ್ಣದ್ದು, ಹಸಿರು ಸೇಬಿನ ಚುರುಕು ಅದರಲ್ಲಿದೆ, ಆದರೆ ಗುಟುಕು ಇಳಿದೊಡನೆ ಮಾತು ಮುಗಿಯುತ್ತದೆ. ಪೀಪಾಯಿಯದು ಮರದ ಸಂದುಗಳಿಂದ ಅಷ್ಟಿಷ್ಟೇ ಗಾಳಿ ಕುಡಿದು ಹೊಂಬಣ್ಣಕ್ಕೆ ತಿರುಗಿದೆ. ಮೂಗಿಗೆ ಮೊದಲು ಹುರಿದ ಬಾದಾಮಿ ಬರುತ್ತದೆ, ಅದರ ಹಿಂದೆ ಹೇರಳೆಕಾಯಿಯ ಸಿಪ್ಪೆ. ಕೊನೆಯಲ್ಲಿ ಕಿತ್ತಳೆಸಿಪ್ಪೆ ಗೊಜ್ಜಿನಲ್ಲಿರುವಂಥ ಹಿತವಾದ ಕಹಿ ಬಹಳ ಹೊತ್ತು ನಿಲ್ಲುತ್ತದೆ. ಸಣ್ಣ ಪೀಪಾಯಿಯಲ್ಲಿ ಎಲ್ಲವೂ ಬೇಗ ಆಗುವುದರಿಂದ ಇನ್ನೂ ಬಿಟ್ಟಿದ್ದರೆ ಮರದ ಒಗರು ಮೇಲಾಗುತ್ತಿತ್ತು ಎಂದು ನನ್ನ ಅಂದಾಜು.

ಬಡಿಸುವಾಗ ಎಂಟು–ಹತ್ತು ಡಿಗ್ರಿಗೆ ತಂಪು ಮಾಡಿ, ಊಟಕ್ಕೆ ಮುಂಚೆ, ಉಪ್ಪು ಹಚ್ಚಿ ಹುರಿದ ಬಾದಾಮಿ ಮತ್ತು ಆಲಿವ್ ಜೊತೆಗೆ ಕೊಡುವುದು ಇಲ್ಲಿನ ರೂಢಿ. ಬೇಸಿಗೆಯಲ್ಲಿ ಒಂದು ಪಾಲು ಪೋರ್ಟ್‌ಗೆ ಎರಡು ಪಾಲು ಟಾನಿಕ್ ನೀರು, ಐಸು, ಕಿತ್ತಳೆಯ ಒಂದು ಹೋಳು, ಪುದೀನ ಸೇರಿಸಿ ‘ಪೋರ್ತೊ ಟಾನಿಕೊ’ ಮಾಡುತ್ತಾರೆ. ಗಾಜಿನ ಬುದ್ದಲಿಯದ್ದನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಟಾನಿಕ್‌ನ ಕಹಿಯೊಡನೆ ಅದರ ಚುರುಕು ಚೆನ್ನಾಗಿ ಹೊಂದುತ್ತದೆ. ಪೀಪಾಯಿಯದ್ದಕ್ಕೆ ಐಸನ್ನೂ ಹಾಕಲು ನನಗೆ ಮನಸ್ಸಿಲ್ಲ. ತೆರೆದ ಸೀಸೆಯನ್ನು ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಬೇಕು.

ಮುಂದಿನ ಸುಗ್ಗಿಗೆ ಮದ್ಯಸಾರ ಬೆರೆಸುವ ಗಳಿಗೆಯನ್ನು 1.017ರಲ್ಲಿಯೇ ಉಳಿಸಿಕೊಂಡು, ರಬಿಗಾತೊವನ್ನು ಹೆಚ್ಚಿಸಿ ಹುಳಿಯನ್ನು ತುಸು ಮೇಲೆತ್ತಲು ಯೋಚಿಸಿದ್ದೇನೆ. ಖಾಲಿಯಾದ ಪೀಪಾಯಿಯನ್ನು ನಿನ್ನೆಯೇ ತೊಳೆದು, ಗಂಧಕದ ಹೊಗೆ ಕೊಟ್ಟು ಬಿರಡೆ ಹಾಕಿಟ್ಟಿದ್ದೇನೆ.