ಡಖಾವ್ ಕ್ಯಾಂಪ್ ನೋಡೋಕೆ ಹೋಗ್ತೀರಾ? ಒಂದು ಪೂರ್ತಿ ದಿನ ಎತ್ತಿಡಿ

ಡಖಾವ್ ಅಂದ್ರೆ ಜರ್ಮನಿಯ ಮ್ಯೂನಿಕ್ ಹತ್ರ ಹಿಟ್ಲರ್‌ನ ನಾಜಿಗಳು ಕೈದಿಗಳನ್ನ ಕೂಡಿಹಾಕ್ತಿದ್ದ ಕ್ಯಾಂಪ್, ಈಗ ಸ್ಮಾರಕ. ಅಲ್ಲಿಗೆ ನಾನು ಎರಡು ಸಲ ಹೋಗಿದೀನಿ. ಮೊದಲ್ನೇ ಸಲ ಮ್ಯೂನಿಕ್‌ಗೆ ಕೆಲಸಕ್ಕೆ ಬಂದ ಹೊಸತು, ಫ್ರೆಂಡ್ಸ್ ಜೊತೆ ಬೆಳಗ್ಗೆ ಹೊರಟು ಮಧ್ಯಾಹ್ನ ಊಟಕ್ಕೆ ಮ್ಯೂನಿಕ್ ಮಧ್ಯದ ಮರಿಯನ್‌ಪ್ಲಾಟ್ಸ್ ಚೌಕಕ್ಕೆ ವಾಪಸ್ ಬರೋ ಪ್ಲಾನು, ಗೇಟ್ ನೋಡಿದ್ವಿ, ಹೆಣ ಸುಡೋ ಒಲೆ ನೋಡಿದ್ವಿ, ಒಂದೂವರೆ ಗಂಟೇಲಿ ಮುಗೀತು. ಏನೂ ತಲೆಗೆ ಹೋಗಿರ್ಲಿಲ್ಲ. ಎರಡನೇ ಸಲ ಅಪ್ಪ ಅಮ್ಮ ಬಂದಿದ್ದಾಗ, ಮಾರ್ಚ್ ತಿಂಗಳು. ಅಪ್ಪ ಮಂಡ್ಯ ಕಡೆ ಹೈಸ್ಕೂಲಲ್ಲಿ ಸೋಷಿಯಲ್ ಮೇಷ್ಟ್ರಾಗಿದ್ದೋರು, ಅರಮನೆ, ಕೋಟೆ ಎಲ್ಲಾ ಆಮೇಲೆ ನೋಡೋಣ ಮೊದಲು ಅಲ್ಲಿಗೆ ಕರ್ಕೊಂಡು ಹೋಗು ಅಂತ ಹಠ. ಆವತ್ತು ಐದು ಗಂಟೆ ಹಿಡೀತು. ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಹೋಗೋದು ಸುಲಭ. ಮ್ಯೂನಿಕ್ ಮೇನ್ ಸ್ಟೇಷನ್ನಿಂದ ಎಸ್2 ಟ್ರೈನು, ಪೀಟರ್ಸ್‌ಹೌಸನ್ ಕಡೆ ಹೋಗೋದು, ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಡಖಾವ್ ಸ್ಟೇಷನ್. ಹೊರಗಡೆ ಬಂದ್ರೆ 726 ನಂಬರ್ ಬಸ್ಸು, ಹತ್ತು ನಿಮಿಷದೊಳಗೆ ಕ್ಯಾಂಪ್ ಮುಂದೇನೇ ಇಳಿಸುತ್ತೆ. ಟಿಕೆಟ್ ವಿಷಯದಲ್ಲಿ ಮಾತ್ರ ಹುಷಾರು, ಮ್ಯೂನಿಕ್ ಸಿಟಿ ಟಿಕೆಟ್ ಸಾಲಲ್ಲ, ಡಖಾವ್ ಸಿಟಿ ಝೋನ್ ದಾಟಿ ಆಚೆ ಝೋನಲ್ಲಿದೆ. ನಾನು ಮೊದಲ್ನೇ ಸಲ ಗೊತ್ತಿಲ್ದೆ ಸಿಟಿ ಟಿಕೆಟಲ್ಲೇ ಕೂತು 60 ಯೂರೋ ದಂಡ ಕಟ್ಟಿದೀನಿ. ನಾಲ್ಕೈದು ಜನ ಇದ್ರೆ ಗ್ರೂಪ್ ಡೇ ಟಿಕೆಟ್ ತಗೊಳ್ಳಿ, ಬಸ್ಸಿಗೂ ಅದೇ ನಡೆಯುತ್ತೆ. ಕ್ಯಾಂಪ್ ಒಳಗೆ ಹೋಗೋಕೆ ದುಡ್ಡಿಲ್ಲ, ಆಡಿಯೋ ಗೈಡಿಗೆ ಮತ್ತೆ ಕಾರ್ ಪಾರ್ಕಿಂಗ್‌ಗೆ ಮಾತ್ರ ಕೊಡ್ಬೇಕು. ಬೆಳಗ್ಗೆ 9ರಿಂದ ಸಂಜೆ 5, ಡಿಸೆಂಬರ್ 24 ರಜ. ಒಂಬತ್ತಕ್ಕೇ ಹೋಗ್ಬಿಡಿ, ಹನ್ನೊಂದರ ಮೇಲೆ ಟೂರ್ ಗ್ರೂಪುಗಳು ಸ್ಕೂಲ್ ಮಕ್ಕಳು ಸೇರಿ ಗೇಟ್ ಹತ್ರ ಜಾತ್ರೆ ಆಗುತ್ತೆ.

ಬಟ್ಟೆ ವಿಷಯ ಹೇಳ್ಲೇಬೇಕು. ಒಳಗೆ ಹಾಜರಿ ಮೈದಾನ ಅಂತ ಒಂದಿದೆ, ಬರೀ ಜಲ್ಲಿಕಲ್ಲು ಹಾಸಿರೋ ಬಯಲು, ಗಾಳಿ ತಡೆಯೋಕೆ ಏನಂದ್ರೆ ಏನೂ ಇಲ್ಲ. ಅಪ್ಪ ಮಂಕಿ ಕ್ಯಾಪು, ಎರಡು ಸ್ವೆಟರು, ಮೇಲೆ ನನ್ನ ಜಾಕೆಟ್ಟು ಹಾಕ್ಕೊಂಡೂ ನಡುಗ್ತಿದ್ರು. ಇಲ್ಲೇ ಕೈದಿಗಳನ್ನ ಬೆಳಗ್ಗೆ ಸಂಜೆ ನಿಲ್ಲಿಸ್ತಿದ್ದಿದ್ದು, ಮೈ ಮೇಲೆ ತೆಳ್ಳಗಿನ ಪಟ್ಟೆ ಬಟ್ಟೆ, ಲೆಕ್ಕ ತಾಳೆ ಆಗೋವರೆಗೂ ಅಲ್ಲಾಡೋ ಹಾಗಿಲ್ಲ, ಗಂಟೆಗಟ್ಲೆ. ಗಟ್ಟಿ ಶೂ ಹಾಕ್ಕೊಳ್ಳಿ, ವೀಲ್‌ಚೇರ್ ತಳ್ಳೋಕೆ ಆ ಜಲ್ಲೀಲಿ ಕಷ್ಟ ಆಗುತ್ತೆ.

ಈಗ ಮುಖ್ಯ ವಿಷಯ, ಯಾವ್ದು ಮೊದಲು ನೋಡ್ಬೇಕು ಅನ್ನೋದು. ಎಲ್ರೂ ಗೇಟ್ ದಾಟಿದ ತಕ್ಷಣ ಮ್ಯಾಪ್ ತೆಗೆದು ಗ್ಯಾಸ್ ಚೇಂಬರ್ ಎಲ್ಲಿ ಅಂತ ಹುಡುಕ್ತಾರೆ (ನಾವೂ ಅದೇ ಮಾಡಿದ್ದು). ದಯವಿಟ್ಟು ಬೇಡ. ಮೊದಲು ಬಲಗಡೆ ಇರೋ ಉದ್ದನೆ ಕಟ್ಟಡದ ಮ್ಯೂಸಿಯಂಗೆ ಹೋಗಿ, ಎರಡು ಗಂಟೆ ಅಲ್ಲೇ ಇರಿ. ಯಾಕಂದ್ರೆ ಡಖಾವ್ ಶುರುವಾಗಿದ್ದು ಯುದ್ಧ ಬಂದ್ಮೇಲೆ ಅಲ್ಲ. 1933ರ ಮಾರ್ಚ್ 22, ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರ್ಲಿಲ್ಲ, ಮೊದಲ್ನೇ ಮಹಾಯುದ್ಧದ ಕಾಲದ ಹಳೇ ಮದ್ದುಗುಂಡು ಫ್ಯಾಕ್ಟರಿ ಜಾಗದಲ್ಲಿ. ಹಿಮ್ಲರ್ ಆಗ ಮ್ಯೂನಿಕ್ ಪೊಲೀಸ್ ಮುಖ್ಯಸ್ಥ, ಕದ್ದು ಮುಚ್ಚಿ ಅಲ್ಲ, ಪತ್ರಿಕೆಯೋರಿಗೆ ಹೇಳಿಯೇ ಓಪನ್ ಮಾಡಿಸಿದ್ದು. ಮೊದಲು ತಂದು ಹಾಕಿದ್ದು ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಾಟ್‌ಗಳು, ಯೂನಿಯನ್ನೋರು. ಆಮೇಲೆ ಯೆಹೂದಿಗಳು, ಜಿಪ್ಸಿಗಳು ಅಂತ ಕರೀತಿದ್ದ ರೋಮಾ ಜನ, ಸಲಿಂಗಿಗಳು, ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದೋರು, ಪಾದ್ರಿಗಳು. ಪಾದ್ರಿಗಳೇ 2,700ಕ್ಕೂ ಹೆಚ್ಚು, ಜಾಸ್ತಿ ಜನ ಪೋಲೆಂಡಿನೋರು. ಒಬ್ಬೊಬ್ಬರಿಗೂ ಬಣ್ಣದ ತ್ರಿಕೋನ, ರಾಜಕೀಯದೋರಿಗೆ ಕೆಂಪು, ಸಲಿಂಗಿಗಳಿಗೆ ಗುಲಾಬಿ, ಹೀಗೆ.

ಅಪ್ಪ ಒಂದು ಬೋರ್ಡೂ ಬಿಡ್ದೆ ಓದ್ತಿದ್ರು, ಇಂಗ್ಲಿಷಲ್ಲೂ ಇರುತ್ತೆ ಎಲ್ಲಾ. ಒಂದ್ಕಡೆ ನಿಂತೋರು ಮುಂದಕ್ಕೇ ಬರ್ಲಿಲ್ಲ. ಅಲ್ಲಿ ಹೊಡೆಯೋಕೆ ಬಳಸ್ತಿದ್ದ ಮರದ ಮಂಚದ ಥರದ್ದು ಇಟ್ಟಿದಾರೆ, ಅದರ ಮೇಲೆ ಬೋರಲು ಕಟ್ಟಿಹಾಕಿ 25 ಏಟು, ಏಟುಗಳನ್ನ ಆ ಕೈದಿಯೇ ಜೋರಾಗಿ ಎಣಿಸ್ಬೇಕು. ಅದೇ ಕಟ್ಟಡದಲ್ಲಿ ಕೈದಿಗಳು ಸ್ನಾನ ಮಾಡ್ತಿದ್ದ ದೊಡ್ಡ ಕೋಣೆ ಇದೆ, ಅಲ್ಲಿ ಕೈ ಹಿಂದಕ್ಕೆ ಕಟ್ಟಿ ಆ ಕೈಯಿಂದಲೇ ಮೇಲಕ್ಕೆ ನೇತುಹಾಕ್ತಿದ್ರಂತೆ, ಭುಜ ಕಳಚಿ ಹೋಗೋದು. ಇವೆಲ್ಲಾ ಯಾವನೋ ಕುಡಿದು ಸಿಟ್ಟಲ್ಲಿ ಮಾಡಿದ್ದಲ್ಲ. 1933ರಲ್ಲೇ ಐಕೆ ಅನ್ನೋ ಕಮಾಂಡೆಂಟ್ ಯಾವ ತಪ್ಪಿಗೆ ಯಾವ ಶಿಕ್ಷೆ ಅಂತ ರೂಲ್ ಬುಕ್ ಮಾಡಿಟ್ಟ, ಮಿಕ್ಕ ಕ್ಯಾಂಪುಗಳಿಗೂ ಅದೇ ಮಾದರಿ ಆಯ್ತು. ಅಪ್ಪ ಅಂದಿದ್ದು ಒಂದೇ ಮಾತು, "ಇದಕ್ಕೂ ಒಂದು ರಿಜಿಸ್ಟರ್ ಇಟ್ಟಿದ್ರೇನೋ ಬಡ್ಡೀಮಕ್ಳು." ಮೇಷ್ಟ್ರ ಬಾಯಲ್ಲಿ ಆ ಬೈಗುಳ ನಾನು ಕೇಳಿದ್ದೇ ಕಮ್ಮಿ.

ಡಾಕ್ಟರುಗಳ ಸೆಕ್ಷನ್ ಗಟ್ಟಿ ಮನಸ್ಸಿದ್ರೆ ನೋಡಿ. ರಾಷರ್ ಅನ್ನೋನು ವಾಯುಸೇನೆಗೋಸ್ಕರ ಕೈದಿಗಳನ್ನ ಐಸ್ ನೀರಲ್ಲಿ ಮುಳುಗಿಸಿ ಎಷ್ಟೊತ್ತು ಬದುಕ್ತಾರೆ ಅಂತ ಬರ್ಕೊಂಡಿದಾನೆ, ಷಿಲ್ಲಿಂಗ್ ಅಂತ ಇನ್ನೊಬ್ಬ, ಹೆಸರಾಂತ ಮಲೇರಿಯಾ ತಜ್ಞ, ಸಾವಿರಕ್ಕೂ ಹೆಚ್ಚು ಜನಕ್ಕೆ ಬೇಕಂತಲೇ ಮಲೇರಿಯಾ ಹತ್ತಿಸಿದ. ಅವನನ್ನ 1946ರಲ್ಲಿ ಗಲ್ಲಿಗೇರಿಸಿದ್ರು. ಅಮ್ಮ ಇಲ್ಲಿಂದ ಎದ್ದು ಹೊರಗೆ ಹೋಗಿ ಕೂತ್ಬಿಟ್ರು. ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ ಅನ್ನೋದು ಇದಕ್ಕೇ, ಹನ್ನೆರಡು ಹದಿಮೂರು ವರ್ಷ ಆದ್ಮೇಲೆ ನೋಡೋಣ ಅಂತ ಬಿಡಿ.

ಮ್ಯೂಸಿಯಂ ಹಿಂದೆ ಬಂಕರ್ ಅಂತ ಉದ್ದ ಜೈಲಿದೆ, ಕ್ಯಾಂಪೊಳಗಿನ ಜೈಲು. ಜನ ಜಾಸ್ತಿ ಬರಲ್ಲ. 1939ರಲ್ಲಿ ಮ್ಯೂನಿಕ್‌ನ ಬಿಯರ್ ಹಾಲಲ್ಲಿ ಹಿಟ್ಲರ್‌ಗೆ ಬಾಂಬ್ ಇಟ್ಟಿದ್ನಲ್ಲ ಗೆಯೋರ್ಗ್ ಎಲ್ಸರ್ ಅನ್ನೋ ಬಡಗಿ, ಅವನನ್ನ ಇಲ್ಲಿಟ್ಟು 1945ರ ಏಪ್ರಿಲ್ 9ಕ್ಕೆ ಕೊಂದ್ರು. ಅಮೆರಿಕದ ಸೈನ್ಯ ಬಂದು ಕ್ಯಾಂಪ್ ಬಿಡಿಸಿದ್ದು ಏಪ್ರಿಲ್ 29ಕ್ಕೆ. ಇಪ್ಪತ್ತು ದಿನ ಅಷ್ಟೆ.

ಆಮೇಲೆ ಬ್ಯಾರಕ್. ಹಳೇವು 34 ಇದ್ವು, ಒಂದೂ ಉಳ್ದಿಲ್ಲ, ಎರಡನ್ನ ಹೊಸದಾಗಿ ಕಟ್ಟಿದಾರೆ, ಮಿಕ್ಕಿದ್ದಕ್ಕೆ ನೆಲದ ಮೇಲೆ ಗುರುತು ಮಾತ್ರ. ಒಳಗಡೆ ಬೇರೆ ಬೇರೆ ವರ್ಷದ ಮಂಚಗಳನ್ನ ಜೋಡಿಸಿದಾರೆ, ಒಂದಾದ ಮೇಲೆ ಒಂದು ನೋಡ್ತಾ ಹೋದ್ರೆ ಜಾಗ ಹೇಗೆ ಕಿರಿದಾಯ್ತು ಅಂತ ಗೊತ್ತಾಗುತ್ತೆ. ಸುಮಾರು 6,000 ಜನಕ್ಕೆ ಅಂತ ಕಟ್ಟಿದ ಕ್ಯಾಂಪಲ್ಲಿ ಕೊನೆಗೆ 30,000 ದಾಟಿತ್ತು, ಹೇನಿಂದ ಹರಡೋ ಟೈಫಸ್ ಜ್ವರ ಬೇರೆ. ಇನ್ನೊಂದು, ಹಾಸಿಗೆ ಅಂಚು ನೆಟ್ಟಗಿಲ್ಲ, ನೆಲ ಹೊಳೀತಿಲ್ಲ ಅಂದ್ರೂ ಹೊಡೆತ. ಹುಲ್ಲು ತುಂಬಿದ ಹಾಸಿಗೇನ ಸ್ಕೇಲ್ ಇಟ್ಟ ಹಾಗೆ ಚೌಕ ಮಾಡ್ಬೇಕಿತ್ತಂತೆ. ನನಗೆ ಒಲೆಗಳಿಗಿಂತ ಇದೇ ಜಾಸ್ತಿ ಕಾಡಿದ್ದು, ಯಾಕೆ ಅಂತ ಹೇಳೋಕೆ ಬರಲ್ಲ.

ಕೊನೇಲಿ, ಚಿಕ್ಕ ಸೇತುವೆ ದಾಟಿ ಬೇಲಿ ಆಚೆ, ಮರಗಳ ಮಧ್ಯೆ ಹೆಣ ಸುಡ್ತಿದ್ದ ಕ್ರಿಮೆಟೋರಿಯಂ. ಗ್ಯಾಸ್ ಚೇಂಬರ್ ಇದೆ, ಬಾಗಿಲ ಮೇಲೆ ಸ್ನಾನದ ಮನೆ ಅಂತ ಜರ್ಮನಲ್ಲಿ ಬರೆದಿದೆ. ಆದ್ರೆ ಇಲ್ಲಿ ಸಾಮೂಹಿಕವಾಗಿ ಗ್ಯಾಸ್ ಹಾಕಿ ಕೊಂದಿಲ್ಲ, ಅದನ್ನ ಅಲ್ಲೇ ಸ್ಪಷ್ಟವಾಗಿ ಬರೆದಿದಾರೆ. ಕಾಯಿಲೆ ಬಿದ್ದೋರನ್ನ ಆಸ್ಟ್ರಿಯಾದ ಹಾರ್ಟ್‌ಹೈಮ್ ಅನ್ನೋ ಕೋಟೆಗೆ ಕಳಿಸಿ ಅಲ್ಲಿ ಗ್ಯಾಸಿಂದ ಸಾಯಿಸ್ತಿದ್ರು. ಹಂಗಂತ ಡಖಾವ್ ಪರವಾಗಿಲ್ಲ ಅಂದ್ಕೋಬೇಡಿ, ಹನ್ನೆರಡು ವರ್ಷದಲ್ಲಿ ಡಖಾವ್ ಮತ್ತೆ ಅದರ ಉಪಕ್ಯಾಂಪುಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೈದಿಗಳು, ಸತ್ತೋರು ಕಡಿಮೆ ಅಂದ್ರೂ 41,500.

ಇಲ್ಲಿ ನಾಲ್ಕು ಹೆಂಗಸರ ಹೆಸರಿರೋ ಫಲಕ ಹುಡುಕಿ, ಮಿಸ್ ಮಾಡ್ಬೇಡಿ. ಒಂದು ಹೆಸರು ನೂರ್ ಇನಾಯತ್ ಖಾನ್. ಬ್ರಿಟಿಷರ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿ 1943ರ ಜೂನಲ್ಲಿ ಫ್ರಾನ್ಸಿಗೆ ಇಳಿದೋಳು, ಅಕ್ಟೋಬರಲ್ಲಿ ಸಿಕ್ಕಿಬಿದ್ದು, ಹತ್ತು ತಿಂಗಳು ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಲ್ಲಿ ಕೈಕಾಲಿಗೆ ಸರಪಳಿ, ಆದ್ರೂ ಬಾಯಿ ಬಿಡ್ಲಿಲ್ಲ. 1944ರ ಸೆಪ್ಟೆಂಬರ್ 13ಕ್ಕೆ ಇಲ್ಲಿ ಮಿಕ್ಕ ಮೂವರ ಜೊತೆ ಗುಂಡಿಟ್ಟು ಕೊಂದ್ರು, ವಯಸ್ಸು 30. ಅವಳಪ್ಪ ಬರೋಡಾದ ಸೂಫಿ ಸಂಗೀತಗಾರ ಇನಾಯತ್ ಖಾನ್, ಅವರ ಅಜ್ಜಿ ಟಿಪ್ಪು ಸುಲ್ತಾನನ ಮೊಮ್ಮಗಳು ಅಂತ ಆ ಮನೆತನದೋರು ಹೇಳ್ತಾರೆ. ನಾನು ಇದನ್ನ ಅಪ್ಪಂಗೆ ಮೊದಲೇ ಹೇಳಿರ್ಲಿಲ್ಲ. ಶ್ರೀರಂಗಪಟ್ಟಣಕ್ಕೆ ಸ್ಕೂಲ್ ಮಕ್ಕಳನ್ನ ವರ್ಷಾ ವರ್ಷಾ ಟ್ರಿಪ್ ಕರ್ಕೊಂಡು ಹೋಗ್ತಿದ್ದ ಮನುಷ್ಯ, ಟೋಪಿ ತೆಗೆದು ನಿಂತ್ರು, ಆ ಚಳೀಲಿ. "ಎಲ್ಲಿಂದ ಎಲ್ಲಿಗೆ ಬಂದಳಪ್ಪ ಈ ಹುಡುಗಿ" ಅಂದ್ರು.

ಫೋಟೋ ತೆಗೀಬಹುದು, ಆದ್ರೆ ಗೇಟಿನ ಮುಂದೆ ಹಲ್ಲು ಕಿರಿದು ಸೆಲ್ಫಿ ಬೇಡ ರೀ, ಕೈ ಮುಗೀತೀನಿ. ಅಂದಹಾಗೆ ಗೇಟಲ್ಲಿರೋ "ದುಡಿಮೆಯಿಂದ ಬಿಡುಗಡೆ" ಅನ್ನೋ ಜರ್ಮನ್ ಅಕ್ಷರದ ಬಾಗಿಲು ನಕಲಿ, ಅಸಲಿ 2014ರಲ್ಲಿ ಕಳ್ಳತನ ಆಗಿ ಎರಡು ವರ್ಷ ಆದ್ಮೇಲೆ ನಾರ್ವೇಲಿ ಸಿಕ್ತು, ಈಗ ಮ್ಯೂಸಿಯಂ ಒಳಗಿದೆ.

ಊಟದ್ದು: ಹೊರಗೆ ವಿಸಿಟರ್ ಸೆಂಟರಲ್ಲಿ ಕೆಫೆ, ಟಾಯ್ಲೆಟ್ ಇದೆ. ಕ್ಯಾಂಪ್ ಒಳಗೆ ಡಬ್ಬಿ ಬಿಚ್ಚೋದು ಸರಿಯಲ್ಲ. ಅಮ್ಮ ಚಿತ್ರಾನ್ನ ಕಟ್ಕೊಂಡು ಬಂದಿದ್ರು, ಯಾರಿಗೂ ತಿನ್ನೋ ಮನಸ್ಸಿಲ್ಲ ಅಂದ್ವಿ, ಬಸ್ ಸ್ಟಾಪಲ್ಲಿ ಕೂತ ಮೇಲೆ ಮೂರು ಜನಾನೂ ಖಾಲಿ ಮಾಡಿದ್ವಿ, ಹಸಿವು ಹಸಿವೇ.

ಟೈಮ್ ಮಿಕ್ಕಿದ್ರೆ ಪಕ್ಕದ ಹೆಬರ್ಟ್ಸ್‌ಹೌಸನ್‌ಗೂ ಹೋಗಿ. 1941-42ರಲ್ಲಿ 4,000ಕ್ಕೂ ಹೆಚ್ಚು ಸೋವಿಯತ್ ಯುದ್ಧಕೈದಿಗಳನ್ನ ಗುಂಡಿಟ್ಟು ಕೊಂದ ಶೂಟಿಂಗ್ ರೇಂಜ್ ಅದು. ಟೂರ್ ಬಸ್ಸುಗಳು ಅಲ್ಲಿಗೆ ಹೋಗಲ್ಲ. ನಮಗೆ ಆವತ್ತು ಆಗ್ಲಿಲ್ಲ, ಅಪ್ಪಂಗೆ ಮಂಡಿ ಹಿಡ್ಕೊಂಡಿತ್ತು, ಮುಂದಿನ ಸಲ ಬಂದಾಗ ಅಲ್ಲಿಂದಲೇ ಶುರು ಮಾಡೋಣ ಅಂದಿದಾರೆ.