ನಾಲ್ಕನೇ ಬಾಸ್ ನೋಡಲು ಹೋದ ದಿನ

ನಮ್ಮ ಮನೆ ಹಾಲ್‌ನ ಗೋಡೆ ಮೇಲೆ ಮೂರು ಬಾಸ್ ಗಿಟಾರ್ ಇವೆ. ಅವುಗಳ ಪಕ್ಕದಲ್ಲಿ ಇನ್ನೊಂದು ಮೊಳೆ. ಅದನ್ನು ಹೊಡೆದು ಎರಡು ತಿಂಗಳಾಗಿತ್ತು.

ಸುಮ್ನೆ ಕೊಂಡದ್ದು ಯಾವುದೂ ಅಲ್ಲ. ಮೊದಲನೆಯದು ಸೆಕೆಂಡ್ ಹ್ಯಾಂಡ್, ಪ್ರಿಸಿಷನ್ ಮಾದರಿಯದು. ಎರಡನೆಯದಕ್ಕೆ ಐದು ತಂತಿ. ಕೆಲವು ಹಾಡುಗಳ ಶ್ರುತಿಗೆ ನಾಲ್ಕು ತಂತಿಯಲ್ಲಿ ಸಿಗುವ ಮಂದ್ರ ಸಾಲದು. ಮೂರನೆಯದು ಮಣಿಕಟ್ಟಿನ ನೋವಿಗಾಗಿ. ಮಾಮೂಲಿ ಬಾಸ್‌ನ ತಂತಿ 34 ಇಂಚು, ಇದರದ್ದು 30.

ಆಮೇಲೆ ಶುರುವಾಗಿದ್ದು ಫ್ರೆಟ್‌ಲೆಸ್ ಆಸೆ. ಫ್ರೆಟ್ ಅಂದರೆ ಗಿಟಾರ್ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿ, ಅದಿಲ್ಲದ ಬಾಸ್ ಫ್ರೆಟ್‌ಲೆಸ್. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ. ಮೋಹನ ರಾಗ ಈಗಲೂ ಗಂಟಲಲ್ಲಿದೆ. ಅದನ್ನೇ ಬಾಸ್‌ನಲ್ಲಿ ಹಿಡಿದರೆ ಸ್ವರಗಳು ಒಂದೊಂದೇ ಕಲ್ಲಿನ ಹಾಗೆ ಬೀಳುತ್ತವೆ, ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕವೇ ಇಲ್ಲ. ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಬಾಸ್‌ಗೆ ಪ್ರಿಸಿಷನ್, ಅಂದರೆ ನಿಖರತೆ, ಅಂತ ಹೆಸರು ಬಂದದ್ದೇ ಫ್ರೆಟ್‌ನಿಂದ. ಬೆರಳಿಟ್ಟರೆ ಸ್ವರ ತಪ್ಪೋದಿಲ್ಲ. ಆದರೆ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್ ಇಲ್ಲದ 1962ರ ಜಾಝ್ ಬಾಸ್ ಎಂಬ ಮಾದರಿಯಲ್ಲಿ ನುಡಿಸಿದ್ದನ್ನು ಕೇಳಿ. ತಂತಿ ಮಾತಾಡುತ್ತೆ. ನನಗೆ ಬೇಕಿದ್ದದ್ದು ಅದು.

ಬಸವನಗುಡಿಯಲ್ಲಿ ಒಬ್ಬರು ಮಾರುತ್ತಿದ್ದರು. ವಿದೇಶಕ್ಕೆ ಹೊರಟಿದ್ದರಂತೆ. 32,000 ರೂಪಾಯಿ ಜೇಬಲ್ಲಿಟ್ಟುಕೊಂಡು ಭಾನುವಾರ ಬೆಳಗ್ಗೆ ಹೋದೆ.

ಬ್ಯಾಗ್‌ನ ಜಿಪ್ ಎಳೆದಾಗಲೇ ಮನಸ್ಸು ಸೋತಿತು. ಕಂದು ಬಣ್ಣದ ಮರ. ಫ್ರೆಟ್ ಇರಬೇಕಾದ ಕಡೆ ತೆಳುವಾದ ಬಿಳಿ ಗೆರೆಗಳು. ಅಂಗೈ ಆಡಿಸಿದರೆ ಎಲ್ಲೂ ತಡೆಯೇ ಇಲ್ಲ, ತೊಳೆದಿಟ್ಟ ಬಾಳೆ ಎಲೆ ಸವರಿದ ಹಾಗೆ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಸಿಕ್ಕಿಸಿ ಮೋಹನ ಹಿಡಿದೆ. ಸ, ರಿ, ಗ. ಜಾರುವಾಗ ಎದೆ ತುಂಬಿ ಬಂತು. ಸ್ವರ ಬಗ್ಗುತ್ತಿತ್ತು!

ಅಡುಗೆಮನೆಯಿಂದ ಅವರ ತಾಯಿ ಕೈ ಒರೆಸಿಕೊಳ್ಳುತ್ತಾ ಬಂದರು. ಸ್ವಲ್ಪ ಹೊತ್ತು ನಿಂತು ಕೇಳಿದರು. "ಗಾಂಧಾರ ಒಂಚೂರು ಕೆಳಗೆ ನಿಲ್ತಾ ಇದೆ ಕಣಪ್ಪ."

ನಿಜ. ಗೆರೆಗಿಂತ ಕೂದಲೆಳೆಯಷ್ಟು ಹಿಂದೆ ಬೆರಳಿತ್ತು. ಫ್ರೆಟ್ ಇದ್ದಿದ್ದರೆ ಅದೇ ತಿದ್ದಿಕೊಡುತ್ತಿತ್ತು, ಇಲ್ಲಿ ಕಿವಿಯೇ ತಿದ್ದಬೇಕು.

"ಮೋಹನಕ್ಕೇ ಇದನ್ನ ತಗೋತಿದೀಯಾ?"

"ಹೌದಮ್ಮ. ಫ್ರೆಟ್ ಇದ್ದರೆ ಗಮಕ ಬರಲ್ಲ ಅಲ್ವಾ?"

ಅವರು ಮೂಲೆಗೆ ಹೋಗಿ ವೀಣೆಯ ಮೇಲಿನ ಬಟ್ಟೆ ತೆಗೆದರು. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಅಂದರೆ ಫ್ರೆಟ್‌ಗಳೇ. ರಿಷಭದ ಮೆಟ್ಟಿಲ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದರು. ಬೆರಳು ಮೆಟ್ಟಿಲು ಬಿಡಲಿಲ್ಲ. ಸ್ವರ ಮಾತ್ರ ಏರಿ, ಗಾಂಧಾರದಲ್ಲಿ ತೂಗಿ, ಇಳಿಯಿತು. ಅವರ ಬೆರಳ ತುದಿಯಲ್ಲಿ ತಂತಿ ಕೊರೆದ ಗೀರು, ಎಷ್ಟೋ ವರ್ಷದ್ದು.

ನನಗೆ ಮಾತೇ ಹೊರಡಲಿಲ್ಲ. ಇಷ್ಟು ವರ್ಷ ಸಂಗೀತ ಕಚೇರಿಗಳಲ್ಲಿ ವೀಣೆ ನೋಡಿದ್ದೇನೆ. ಅದಕ್ಕೂ ಮೆಟ್ಟಿಲಿದೆ ಅನ್ನೋದು ಒಂದು ಸಲವೂ ಹೊಳೆದಿರಲಿಲ್ಲ.

ಎರಡು ದಿನ ಟೈಮ್ ಕೊಡಿ ಅಂತ ಅವರ ಮಗನನ್ನು ಕೇಳಿದೆ. ಅವರು ಒಪ್ಪಿದರು. ಕಾಫಿ ಕುಡಿದೇ ಹೊರಟದ್ದು.

ಮನೆಗೆ ಬಂದು ನನ್ನ ಹಳೇ ಪ್ರಿಸಿಷನ್ ಇಳಿಸಿಕೊಂಡೆ. ಜಿ ತಂತಿಯಲ್ಲಿ ಏಳನೇ ಫ್ರೆಟ್ ಷಡ್ಜ, ಒಂಬತ್ತು ರಿಷಭ. ಅಲ್ಲಿಂದ ಗಾಂಧಾರಕ್ಕೆ ಎಳೆಯಬೇಕು, ಎರಡು ಫ್ರೆಟ್ ದೂರ. ಬಾಸ್ ತಂತಿ ವೀಣೆಯದ್ದಲ್ಲ, ಹಗ್ಗದ ಹಾಗೆ ದಪ್ಪ. ಮೂರು ಬೆರಳು ಸೇರಿಸಿ ಎಳೆದೆ. ಒಂದು ಫ್ರೆಟ್‌ನಷ್ಟು ಏರಿತು, ಅಲ್ಲೇ ನಿಂತಿತು. ಆಗ ಹತ್ತಕ್ಕೆ ಜಾರಿ, ಅಲ್ಲಿಂದ ಎಳೆದೆ. ಗಾಂಧಾರ ಬಂತು! ಒರಟಾಗಿತ್ತು, ಸ್ವಲ್ಪ ಕರಕರ ಅಂತಿತ್ತು. ಆದರೂ ತೂಗಿತು.

ಮಂಗಳವಾರ ಫೋನ್ ಮಾಡಿ ಬೇಡ ಎಂದೆ. ಹೇಳುವಾಗ ಹೊಟ್ಟೆಯಲ್ಲಿ ಸಂಕಟ. ಆ ಕಂದು ಮರ ಈಗಲೂ ಕಣ್ಣ ಮುಂದೆ ಬರುತ್ತದೆ. ಮೊಳೆ ಕಿತ್ತಿಲ್ಲ. ದಿನಾ ರಾತ್ರಿ ಊಟ ಆದಮೇಲೆ ಹತ್ತು ನಿಮಿಷ ಗಾಂಧಾರ ಎಳೆಯುತ್ತೇನೆ. ಉಂಗುರದ ಬೆರಳಿನಲ್ಲಿ ಸಣ್ಣ ಗೀರು ಮೂಡಿದೆ.